ಬೀದಿಯ ಮರವೂ ಬಾಗಿಲ ಬಂಡಿಯೂ

ನಮ್ಮ ಪಟ್ಟಣಗಳಲ್ಲಿ ಈಚಿನ ಮೂವತ್ತು ನಲವತ್ತು ವರ್ಷಗಳಿಂದ ಒಂದು ವ್ಯಾಜ್ಯವು ಬೆಳೆಯುತ್ತ ಬಂದಿರುವುದು. ವಾದಿಯು ಬೀದಿಯ ಮರ. ಪ್ರತಿವಾದಿಯು ಮನೆಯ ಮುಂದೆ ನಿಲ್ಲುವ ಕಾರು. ವ್ಯಾಜ್ಯಕ್ಕೆ ಒಳಗಾದ ಸ್ವತ್ತಾದರೋ ರಸ್ತೆಯ ಅಂಚಿನ ಐದಾರು ಅಡಿ ನೆಲ. ಇದು ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತುವುದು ಅಪರೂಪ. ಬಹುಮಟ್ಟಿಗೆ ಮನೆಮನೆಯ ಗೇಟಿನ ಮುಂದೆಯೇ, ನಾಲ್ಕು ಬಾಣಲಿ ಸಿಮೆಂಟು ಗಾರೆಯಿಂದಲೋ ಒಂದು ಗರಗಸದಿಂದಲೋ, ಇತ್ಯರ್ಥವಾಗಿ ಹೋಗುವುದು. ವಾದಿಗೆ ಬಾಯಿಲ್ಲವಾದುದರಿಂದ ತೀರ್ಪು ಯಾರ ಕಡೆಗಾಗುವುದೆಂಬುದನ್ನು ವಾಚಕ ಮಹಾಶಯರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಸಜ್ಜನರೊಬ್ಬರು ಮನೆಯ ಮುಂದಣ ಹೊಂಗೆಯನ್ನು ತೆಗೆಸಬೇಕೆಂದು ಹೊರಟಾಗ ನಾನು ಎರಡು ಮಾತು ಹೇಳಹೋದೆನು. ಅವರು ಸಮಾಧಾನದಿಂದಲೇ, “ಮೇಷ್ಟ್ರೇ, ಮರ ಬೀದಿಗೆಲ್ಲ ನೆರಳು ಕೊಡುತ್ತದೆ, ನಾನೇನು ಇಲ್ಲವೆನ್ನುವುದಿಲ್ಲ. ಆದರೆ ನನ್ನ ಕಾರನ್ನು ಎಲ್ಲಿ ನಿಲ್ಲಿಸಲಿ? ಜಾಗ ತೋರಿಸಿ, ಮರವನ್ನು ಮುಟ್ಟುವುದಿಲ್ಲ” ಎಂದರು. ಪ್ರಶ್ನೆಯು ನ್ಯಾಯವಾದುದು. ಮರದ ಪಕ್ಷವನ್ನು ವಹಿಸಿ ಮಾತನಾಡುವವರು ಸಾಮಾನ್ಯವಾಗಿ ಇದಕ್ಕೆ ಉತ್ತರ ಕೊಡುವುದಿಲ್ಲ. ಹತ್ತು ಮಂದಿ ಮಕ್ಕಳಿಗೆ ಒಂದು ಮರ ಸಮಾನವೆಂಬ ಪುರಾಣವಾಕ್ಯವನ್ನು ಹೇಳಿ, ಹಾರ ಹಾಕಿಸಿಕೊಂಡು ಹೊರಟುಹೋಗುವರು. ಹಾಗೆ ಹೇಳಿ ಸಸಿ ನೆಟ್ಟ ಮಹನೀಯರಲ್ಲಿ ಎಷ್ಟು ಮಂದಿ ಮುಂದಿನ ಬೇಸಗೆಯಲ್ಲಿ ಆ ಹನ್ನೊಂದನೆಯ ಮಗುವಿಗೆ ನೀರೆರೆಯಲು ಬಂದರೋ ಕಾಣೆ. ಅದಂತಿರಲಿ. ಕಾರನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಸಮರ್ಪಕವಾದ ಉತ್ತರ ದೊರೆತ ಹೊರತು ಬೀದಿಯ ಮರಕ್ಕೆ ಉಳಿಗಾಲವಿಲ್ಲ. ಆ ಉತ್ತರವು ಅಳತೆಯ ಪಟ್ಟಿಯಲ್ಲಿಯೇ ಇದೆಯೆಂಬುದನ್ನು ಈ ಸಲ ವಿವರಿಸಬೇಕೆಂದಿದ್ದೇನೆ.

ದಾರಿಯ ಬದಿಯಲ್ಲಿ ಮರ ನೆಡಿಸುವುದು ಈ ದೇಶದಲ್ಲಿ ಹಳೆಯ ರಾಜಧರ್ಮ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯು ತಾನು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದಾಗಿಯೂ, ಅವು ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂಬುದೇ ಅದರ ಉದ್ದೇಶವಾಗಿಯೂ ತನ್ನ ಏಳನೆಯ ಸ್ತಂಭಶಾಸನದಲ್ಲಿ ಬರೆಯಿಸಿರುವನು. ಆ ಕಂಬವು ಈಗ ದೆಹಲಿಯಲ್ಲಿದೆ. ಪಶುಗಳೆಂದರೆ ಅಂದಿನ ವಾಹನಗಳೂ ಅವೇ ಎಂಬುದನ್ನು ನಾವು ಮರೆಯಬಾರದು. ಗಾಡಿ ಬಿಟ್ಟು ಎತ್ತು ಕಟ್ಟುವವನು ಮೊದಲು ಮರವನ್ನು ಹುಡುಕುತ್ತಿದ್ದನು. ನೆರಳಿಲ್ಲದ ಕಡೆ ಗಾಡಿ ಬಿಟ್ಟವನನ್ನು ಜೊತೆಯವರು ದಡ್ಡನೆನ್ನುತ್ತಿದ್ದರು. ಗಾಡಿಗೂ ಮರಕ್ಕೂ ಹಗೆಯೆಂಬುದು ಹಿಂದಿನವರಿಗೆ ತಿಳಿಯದ ಸಂಗತಿ.

ಬೆಂಗಳೂರಿನಲ್ಲಿ ೧೮೯೮ರ ಪ್ಲೇಗಿನ ಸುಮಾರಿನಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳ ಬೀದಿಗಳನ್ನು ಅಳೆದವರು ಎತ್ತಿನ ಗಾಡಿ, ಜಟಕಾ ಬಂಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಳೆದರು; ಮರಕ್ಕೆ ಎಡೆಯು ತಾನಾಗಿಯೇ ಒದಗಿತು. ಮಲ್ಲೇಶ್ವರದಲ್ಲಿ ಒಂದು ಸಂಪಿಗೆಯ ರಸ್ತೆ, ಇನ್ನೊಂದು ಮಾರ್ಗೋಸಾ ರಸ್ತೆ, ಎಂದರೆ ಬೇವಿನ ರಸ್ತೆ. ಅನಂತರ ಮೈಸೂರು ಸಂಸ್ಥಾನದ ತೋಟಗಳ ಮೇಲ್ವಿಚಾರಣೆಗೆ ಬಂದ ಜರ್ಮನಿಯ ಕ್ರುಂಬಿಗಲ್ ಎಂಬವರು, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿ ಅರಳುವಂತೆ ಮರಗಳನ್ನು ಆರಿಸಿ ಬೀದಿಗಳಲ್ಲಿ ನೆಡಿಸಿದರು. ಈ ಊರನ್ನೇ ತಮ್ಮ ಊರೆಂದುಕೊಂಡು ೧೯೫೬ರಲ್ಲಿ ಇಲ್ಲಿಯೇ ತೀರಿಕೊಂಡರು. ೧೯೮೨ರಿಂದ ಐದು ವರ್ಷಗಳ ಅವಧಿಯಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ಸುಮಾರು ೧೫ ಲಕ್ಷ ಸಸಿಗಳು ಬೆಂಗಳೂರಿನಲ್ಲಿ ನೆಡಲ್ಪಟ್ಟವು. ಇಂದು ನಾವು ಬಡಾವಣೆಗಳಲ್ಲಿ ಕಾಣುವ ನಡುಪ್ರಾಯದ ಮರಗಳಲ್ಲಿ ಅನೇಕವು ಆ ಕಾಲದವು. ಅದೇ ನಲವತ್ತು ವರ್ಷಗಳಲ್ಲಿ ನಗರದ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿತು. ಮರವೂ ಕಾರೂ ಒಂದೇ ಕಾಲದಲ್ಲಿ, ಒಂದೇ ಅಂಚಿನಲ್ಲಿ ಬೆಳೆದವು. ಘರ್ಷಣೆಯಾದುದು ಆಶ್ಚರ್ಯವಲ್ಲ.

ಈಗ ಲೆಕ್ಕಕ್ಕೆ ಬರೋಣ. ರಸ್ತೆಯ ಅಂಚಿಗೆ ಉದ್ದುದ್ದವಾಗಿ ಒಂದರ ಹಿಂದೊಂದು ಕಾರು ನಿಲ್ಲಿಸುವುದಾದರೆ, ಮುಂದಕ್ಕೆ ಹಿಂದಕ್ಕೆ ಸರಿಸಿ ಹೊರಡುವ ಸೌಕರ್ಯವೂ ಸೇರಿ, ಕಾರೊಂದಕ್ಕೆ ೧೮ ಅಡಿ ಉದ್ದ ಬೇಕು. ೨೦೦ ಅಡಿ ಉದ್ದದ ಅಂಚಿನಲ್ಲಿ ಒಂದೂ ಮರವಿಲ್ಲದಿದ್ದರೆ ಹನ್ನೊಂದು ಕಾರುಗಳು ನಿಲ್ಲುವುವು. ಹೀಗಲ್ಲದೆ ಎರಡೆರಡು ಕಾರುಗಳಿಗೆ ೩೬ ಅಡಿ ಬಿಟ್ಟು, ಮುಂದಿನ ಜೋಡಿಗೆ ಮೊದಲು ೫ ಅಡಿಯ ಒಂದು ಮಣ್ಣಿನ ಪಾತಿಯನ್ನು ಕಾರುಗಳ ಸಾಲಿನಲ್ಲಿಯೇ ಮಾಡಿದರೆ, ಅದೇ ೨೦೦ ಅಡಿಯಲ್ಲಿ ಐದು ಜೋಡಿ, ಎಂದರೆ ಹತ್ತು ಕಾರು, ನಾಲ್ಕು ಪಾತಿಗಳು ಸರಿಯಾಗಿ ಹಿಡಿಸುವುವು. ಕೂಡಿಸಿ ನೋಡಿರಿ: ೧೮೦ ಮತ್ತು ೨೦. ನಾಲ್ಕು ಮರಗಳಿಗೆ ನಾವು ತೆರಬೇಕಾದ ಬೆಲೆ ಒಂದು ಕಾರಿನ ಎಡೆ. ಮರವಿದ್ದರೆ ಕಾರಿಗೆ ಜಾಗವಿಲ್ಲವೆಂಬ ಮಾತು ಹನ್ನೊಂದರಲ್ಲಿ ಒಂದು ಪಾಲು ಮಾತ್ರ ನಿಜ.

ಇಲ್ಲಿ ಮುಖ್ಯವಾದುದು ಪಾತಿಯು ಕಾರುಗಳ ಸಾಲಿನಲ್ಲಿರಬೇಕೆಂಬುದು. ಈಗಿನ ಪದ್ಧತಿಯಲ್ಲಿ ಸಸಿಯನ್ನು ನಡೆದಾಡುವವರ ಫುಟ್‌ಪಾತಿನಲ್ಲಿ, ಚರಂಡಿಯ ಕಲ್ಲುಚಪ್ಪಡಿಗೂ ಅಂಚುಗಲ್ಲಿಗೂ ನಡುವಿನ ಗೇಣಗಲದ ಸಂದಿನಲ್ಲಿ ತುರುಕುವರು. ಮರ ದಪ್ಪನಾದ ಮೇಲೆ ನಡೆಯುವವರಿಗೆ ದಾರಿಯಿಲ್ಲ, ಬೇರು ಚಪ್ಪಡಿಯನ್ನು ಎತ್ತುವುದು, ಮುದುಕರು ಎಡವುವರು, ದೂರು ಮರದ ಮೇಲೆ ಬರುವುದು. ಪಾತಿಯನ್ನು ನಾಲ್ಕು ಅಡಿ ರಸ್ತೆಯ ಕಡೆಗೆ ಸರಿಸಿದರೆ ಮರವು ಫುಟ್‌ಪಾತಿನಿಂದಲೂ ಚರಂಡಿಯಿಂದಲೂ ನಮ್ಮ ಕಾಂಪೌಂಡು ಗೋಡೆಯಿಂದಲೂ ಅಷ್ಟು ದೂರವಾಗುವುದು. ಹಾಗೆ ಮಾಡಿದುದರಿಂದ ರಸ್ತೆ ಕಿರಿದಾಗುವುದೂ ಇಲ್ಲ; ಏಕೆಂದರೆ ಕಾರು ನಿಂತಿರುವ ಸಾಲಿನಲ್ಲಿ ಹೇಗೂ ಯಾವ ಗಾಡಿಯೂ ಓಡುವುದಿಲ್ಲ.

ಬೆಂಗಳೂರು ಮೈಸೂರುಗಳಲ್ಲಿ ಮನೆಗೊಂದು ಗೇಟು ಇರುವುದರಿಂದ ಜೋಡಿಯ ಲೆಕ್ಕವು ಎಲ್ಲೆಡೆಯೂ ಹಾಗೆಯೇ ಕೂಡಲಾರದು ನಿಜ. ಅಂತಹ ಕಡೆ ಇನ್ನೂ ಸುಲಭವಾದ ಉಪಾಯವುಂಟು. ಮೂವತ್ತು ನಲವತ್ತರ ನಿವೇಶನಗಳಿಗೆ ಬೀದಿಯ ಕಡೆ ಅಗಲ ಸಾಧಾರಣವಾಗಿ ೩೦ ಅಡಿ. ಅದರಲ್ಲಿ ಗೇಟಿಗೆ ಹತ್ತು ಹನ್ನೆರಡು ಅಡಿ ಹೋಗುವುದು. ಎರಡು ನಿವೇಶನಗಳ ನಡುಗೋಡೆ ಬೀದಿಗೆ ಬಂದು ಮುಟ್ಟುವ ನೇರದಲ್ಲಿ ಯಾರ ಗೇಟೂ ಇರುವುದಿಲ್ಲ. ಅಲ್ಲಿ ಮರವಿಟ್ಟರೆ ಅದು ಯಾರ ಬಾಗಿಲಿಗೂ ಅಡ್ಡವಲ್ಲ. ಗೇಟಿಗೂ ಮರಕ್ಕೂ ನಡುವೆ ಒಂದು ಕಾರಿನ ಎಡೆ ಉಳಿಯುವುದು. ಮರವು ಎರಡು ಮನೆಗಳ ಸಮಪಾಲಿನದೂ ಆಗುವುದು. (ಸಮಪಾಲಿನದು ಯಾರದೂ ಅಲ್ಲದುದಾಗುವ ಭಯವೂ ಉಂಟು, ಆದುದರಿಂದ ನೀರೆರೆಯುವ ದಿನಗಳನ್ನು ಮೊದಲೇ ಹಂಚಿಕೊಳ್ಳುವುದು ಲೇಸು.)

ಈ ಮೂವತ್ತು ಅಡಿಯ ಅಂತರವನ್ನು ಬರೆದುಕೊಂಡು ನೋಡುತ್ತಿರುವಾಗ ನನಗೆ ವರಾಹಮಿಹಿರಾಚಾರ್ಯರ ನೆನಪು ಬಂದಿತು. ಆರನೆಯ ಶತಮಾನದ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದು ಒಂದು ಅಧ್ಯಾಯವೇ ಮೀಸಲಾಗಿದೆ. ಮರದಿಂದ ಮರಕ್ಕೆ ಇಪ್ಪತ್ತು ಹಸ್ತಗಳ ಅಂತರವು ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠ ಎಂಬುದು ಅಲ್ಲಿಯ ವಿಧಿ. ತೀರ ಒತ್ತಾಗಿ ಬೆಳೆದ ಮರಗಳು ಒಂದನ್ನೊಂದು ತಾಕಿ, ಬೇರುಗಳು ಹೆಣೆದುಕೊಂಡು, ಪೀಡಿತವಾಗಿ ಸರಿಯಾಗಿ ಫಲ ಕೊಡಲಾರವೆಂದು ಕಾರಣವನ್ನೂ ಹೇಳಿದ್ದಾರೆ. ಹಸ್ತವೆಂದರೆ ಮೊಳ, ಒಂದೂವರೆ ಅಡಿ. ಇಪ್ಪತ್ತು ಮೊಳ ಮೂವತ್ತು ಅಡಿ; ನಮ್ಮ ನಿವೇಶನದ ಅಗಲವೇ ಆಯಿತು. ಹನ್ನೆರಡು ಮೊಳ ಹದಿನೆಂಟು ಅಡಿ. ಒಂದು ಕಾರು ನಿಲ್ಲುವ ಉದ್ದವೇ ಆಯಿತು. ಆಚಾರ್ಯರಿಗೆ ಮೋಟಾರು ಬಂಡಿಗಳ ಸುದ್ದಿ ಗೊತ್ತಿತ್ತೆಂದು ವಾದಿಸುವವರು ಇಂದು ಇಲ್ಲದಿಲ್ಲ. ನಾನು ಆ ಗುಂಪಿಗೆ ಸೇರಿದವನಲ್ಲ. ಮರದ ಬೇರು ಕೊಂಬೆಗಳ ಹರವು ಅಂದಿಗೂ ಇಂದಿಗೂ ಒಂದೇ ಆಗಿರುವುದರಿಂದ ನೋಡಿ ಬರೆದವರ ಲೆಕ್ಕವು ಈಗಲೂ ಸಲ್ಲುತ್ತದೆ, ಅಷ್ಟೆ. ಮಳೆಮರದಂತಹ ಹೆಮ್ಮರಗಳಿಗಾದರೋ ಈ ಅಂತರವು ಸಾಲದು; ಎರಡು ನಿವೇಶನಗಳಿಗೊಂದರಂತೆ ಬಿಡಬೇಕು.

ನಮ್ಮ ಬೀದಿಯ ಆ ಹೊಂಗೆಯ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ಕರ್ನಾಟಕ ವೃಕ್ಷ ಸಂರಕ್ಷಣಾ ಶಾಸನವು ೧೯೭೬ರದು. ಅದರಂತೆ ವೃಕ್ಷಾಧಿಕಾರಿಗಳ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಆ ಸಜ್ಜನರು ಇದನ್ನು ತಿಳಿದು ಮರವನ್ನು ಕಡಿಸಲಿಲ್ಲ. ಕಾಂಡದ ಬುಡದವರೆಗೂ ಕಾಂಕ್ರೀಟು ಹಾಕಿಸಿ ನೆಲವನ್ನು ಒಪ್ಪವಾಗಿ ಮಾಡಿಸಿ ಅದರ ಮೇಲೆ ಕಾರು ನಿಲ್ಲಿಸಿದರು. ಶಾಸನಕ್ಕೆ ಭಂಗ ಬರಲಿಲ್ಲ. ಮೊದಲನೆಯ ವರ್ಷ ಏನೂ ತೋರಲಿಲ್ಲ. ಎರಡನೆಯ ವರ್ಷ ಯುಗಾದಿಯ ಚಿಗುರು ಕಿರಿದಾಯಿತು. ಮೂರನೆಯ ವರ್ಷ ನೆತ್ತಿಯ ಕೊಂಬೆಗಳು ಒಣಗಿದವು. ಅದೇ ವರ್ಷ ಚರಂಡಿಯ ಕೆಲಸಕ್ಕೆಂದು ಅಗೆದವರು ಒಂದು ಪಕ್ಕದ ಬೇರುಗಳನ್ನು ತುಂಡರಿಸಿ ಹೋದರು. ವೈಶಾಖದ ಮೊದಲ ಗಾಳಿಮಳೆಗೆ ಮರವು ರಸ್ತೆಗೆ ಅಡ್ಡಲಾಗಿ ಮಲಗಿತು. ಕಾರು ಅಂದು ಪರಊರಿಗೆ ಹೋಗಿದ್ದಿತು. ಈಗ ಆ ಎಡೆಯಲ್ಲಿ ಬೆಳ್ಳಿಬಣ್ಣದ ಬಟ್ಟೆ ಹೊದ್ದುಕೊಂಡು ಕಾರೊಂದೇ ನಿಲ್ಲುತ್ತದೆ. ಬಿಸಿಲು ತಡೆಯಲೆಂದು ಕೊಂಡ ಬಟ್ಟೆಯಂತೆ.

ಇದು ಒಂದು ಬೀದಿಯ ಕಥೆಯಲ್ಲ. ಬೇರು ಉಸಿರಾಡುವುದೆಂಬುದನ್ನು ನಮ್ಮಲ್ಲಿ ಬಹುಮಂದಿ ಎಣಿಸುವುದಿಲ್ಲ. ನೀರನ್ನೂ ಸತ್ತ್ವವನ್ನೂ ಹೀರುವ ಕೂದಲಿನಂತಹ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿಯ ಮಣ್ಣಿನಲ್ಲಿಯೇ ಹರಡಿರುವುವು. ಗಾಳಿಯೂ ಮಳೆಯ ನೀರೂ ಇಳಿಯದಂತೆ ಮುಚ್ಚಿದರೆ, ಅಥವಾ ಗಾಡಿಯ ಚಕ್ರಗಳು ಆ ಮಣ್ಣನ್ನು ತುಳಿದು ಕಲ್ಲಿನಂತೆ ಮಾಡಿದರೆ, ಮರವು ಉಸಿರುಕಟ್ಟಿ ಸಾಯುವುದು. ಆದರೆ ತಟ್ಟನೆ ಸಾಯದೆ ನಾಲ್ಕಾರು ವರ್ಷ ತೆಗೆದುಕೊಳ್ಳುವುದರಿಂದ ಕೊಂದವರಾರೆಂದು ತಿಳಿಯುವುದಿಲ್ಲ. ದೆಹಲಿಯಲ್ಲಿ ಇದು ವಿಪರೀತವಾದುದರಿಂದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ೨೦೧೩ರಲ್ಲಿ, ಮರದ ಬುಡದ ಸುತ್ತ ಒಂದು ಮೀಟರಿನೊಳಗಿರುವ ಕಾಂಕ್ರೀಟನ್ನು ಒಡೆದು ತೆಗೆಯಬೇಕೆಂದು ಆಜ್ಞೆ ಮಾಡಿತು. ಮೀಟರೆಂದರೆ ಮೂರು ಅಡಿ ಮೂರು ಅಂಗುಲ. ಗಾಳಿಮಳೆಯಲ್ಲಿ ಕಾರಿನ ಮೇಲೆ ಮರ ಬಿತ್ತೆಂಬ ವಾರ್ತೆ ಪ್ರತಿ ಬೇಸಗೆಯಲ್ಲಿಯೂ ಪತ್ರಿಕೆಗಳಲ್ಲಿ ಬರುವುದು. ಕೂಡಲೇ ಬೀದಿಯಲ್ಲಿರುವ ಇತರ ಮರಗಳ ಮೇಲೂ ಅನುಮಾನ ಹುಟ್ಟುವುದು. ಬಿದ್ದ ಮರದ ಬುಡವನ್ನು ಹೋಗಿ ನೋಡಿರಿ. ಅಗೆತದಲ್ಲಿ ಕತ್ತರಿಸಿದ ಬೇರು, ಗಾರೆಯ ಕೊರಳಪಟ್ಟಿ, ಕೊಳೆತ ತೊಗಟೆ, ಇವುಗಳಲ್ಲಿ ಒಂದಾದರೂ ಅನೇಕ ಕಡೆ ಕಣ್ಣಿಗೆ ಬೀಳುವುದು.

ನೆಲವನ್ನು ಗಟ್ಟಿಮಾಡಲೇಬೇಕಾದ ಕಡೆಗೂ ವಿದ್ಯೆಯುಂಟು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ನೀನಾ ಬಾಸುಕ್ ಮತ್ತು ಸಂಗಡಿಗರು ೧೯೯೦ರ ದಶಕದಲ್ಲಿ ಒಂದು ಮಿಶ್ರಣವನ್ನು ಕಂಡುಹಿಡಿದರು: ತೂಕದಲ್ಲಿ ನಾಲ್ಕು ಪಾಲಿಗೆ ಸಮೀಪವಾಗಿ ಒಡೆದ ಜಲ್ಲಿ, ಒಂದು ಪಾಲು ಮಣ್ಣು. ಕಲ್ಲಿನ ಮೇಲೆ ಕಲ್ಲು ಕೂತು ಗಾಡಿಯ ಭಾರವನ್ನು ಹೊರುವುದು. ಕಲ್ಲುಗಳ ಸಂದಿನ ಮಣ್ಣಿನಲ್ಲಿ ಬೇರು ಹರಿಯುವುದು. ಕಾರು ನಿಲ್ಲುವ ನೆಲದಡಿಯಲ್ಲಿ ಇಂತಹ ಪದರವನ್ನು ಹಾಕಿ, ಮೇಲೆ ಸಂದುಗಳುಳ್ಳ ಕಲ್ಲುಹಾಸು ಮಾಡಿದರೆ ಮರದ ಬೇರು ಕಾರಿನ ಕೆಳಗೇ ಸುಖವಾಗಿ ಬೆಳೆಯಬಲ್ಲದು. ನಮ್ಮ ನಗರಸಭೆಗಳು ರಸ್ತೆಯನ್ನು ಹೊಸದಾಗಿ ಕಟ್ಟುವಾಗ ಇದನ್ನು ಮಾಡಿಸಬಹುದು. ಗೃಹಸ್ಥನಿಂದ ಆಗುವ ಕೆಲಸವಲ್ಲ. ಅವನ ಕೈಯಲ್ಲಿರುವುದು ತನ್ನ ಗೇಟಿನ ಮುಂದೆ ಕಾಂಕ್ರೀಟು ಹಾಕುವ ಮೇಸ್ತ್ರಿಗೆ “ಬುಡದಿಂದ ನಾಲ್ಕು ಅಡಿ ಬಿಟ್ಟು ಹಾಕಪ್ಪ” ಎಂದು ಹೇಳಿ, ಮುಗಿಯುವವರೆಗೂ ಅಲ್ಲಿಯೇ ನಿಲ್ಲುವುದು.

ಕಾರಿನವರಿಗೆ ಮರದಿಂದೇನು ಲಾಭವೆಂದರೆ, ಬೆಂಗಳೂರಿನ ಬೀದಿಗಳಲ್ಲಿಯೇ ಅಳೆದು ನೋಡಿದವರಿದ್ದಾರೆ. ಹರಿಣಿ ನಾಗೇಂದ್ರರೂ ಅವರ ಸಹೋದ್ಯೋಗಿಗಳೂ ೨೦೧೩ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಮರಗಳುಳ್ಳ ರಸ್ತೆಯ ಭಾಗಗಳಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆಯು ಮರವಿಲ್ಲದ ಭಾಗಗಳಿಗಿಂತ ೫.೬ ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಿಮೆ. ರಸ್ತೆಯ ಮೈಯಾದರೋ ೨೭.೫ ಡಿಗ್ರಿಯವರೆಗೆ ಕಡಿಮೆ. ಕ್ಯಾಲಿಫೋರ್ನಿಯಾದ ಡೇವಿಸ್ ಪಟ್ಟಣದಲ್ಲಿ ನಡೆದು ೧೯೯೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನೆರಳಿನಲ್ಲಿ ನಿಂತ ಕಾರಿನ ಒಳಗು ಬಿಸಿಲಿನ ಕಾರಿಗಿಂತ ಸುಮಾರು ೨೬ ಡಿಗ್ರಿ ತಂಪಾಗಿದ್ದಿತು. ಪೆಟ್ರೋಲಿನ ತೊಟ್ಟಿಯೂ ಎರಡರಿಂದ ನಾಲ್ಕು ಡಿಗ್ರಿ ತಂಪು, ಆದಕಾರಣ ಆವಿಯಾಗಿ ಹೋಗುವ ಪೆಟ್ರೋಲೂ ಕಡಿಮೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮಕ್ಕಳನ್ನು ಶಾಲೆಯಿಂದ ಕರೆತರಲು ಕಾರಿನ ಬಾಗಿಲು ತೆಗೆದ ತಾಯಂದಿರಿಗೆ ಈ ಅಂಕಿಗಳ ಅಗತ್ಯವಿಲ್ಲ.

ಅದೇ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋ ನಗರವು ೧೯೮೩ರಲ್ಲಿ ಒಂದು ಕಟ್ಟಳೆಯನ್ನು ಮಾಡಿತು: ಗಾಡಿ ನಿಲ್ಲಿಸುವ ಮೈದಾನಗಳಲ್ಲಿ ಹದಿನೈದು ವರ್ಷಗಳೊಳಗೆ ಅರ್ಧದಷ್ಟು ನೆಲಕ್ಕೆ ಮರದ ನೆರಳು ಬೀಳತಕ್ಕದ್ದು. ೨೦೦೧ರಲ್ಲಿ ಪರೀಕ್ಷಿಸಿ ನೋಡಿದಾಗ ನೆರಳು ಆ ಗುರಿಗೆ ಬಹುದೂರ ಹಿಂದುಳಿದಿದ್ದಿತು. ನಕ್ಷೆಯಲ್ಲಿ ಮರ ಬರೆದ ಮಾತ್ರಕ್ಕೆ ನೆರಳು ಬೀಳುವುದಿಲ್ಲವಷ್ಟೆ. ಕಾಸಿರುವ ದೇಶದಲ್ಲಿಯೂ ಹಾಗೆ. ಇತ್ತ ಮಾಗಡಿ ಕಡೆಯ ಹುಲಿಕಲ್ಲಿನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕನವರೂ ಅವರ ಪತಿಯೂ ನೆಟ್ಟು ಬೆಳೆಸಿದ ೩೮೫ ಆಲದ ಮರಗಳಿಗೆ ಯಾವ ಕಟ್ಟಳೆಯ ಬಲವೂ ಇರಲಿಲ್ಲ. ಬೇಸಗೆಯಲ್ಲಿ ಕೊಡದಲ್ಲಿ ನೀರು ಹೊತ್ತರು, ದನ ತಿನ್ನದಂತೆ ಮುಳ್ಳು ಕಟ್ಟಿದರು.

ಯಾವ ಮರವೆಂಬುದನ್ನು ಕುರಿತು ಕಾರಿನವರ ದೂರುಗಳು ಸುಳ್ಳಲ್ಲ. ನೇರಳೆಯ ಹಣ್ಣು ಬಿದ್ದರೆ ಬಣ್ಣದ ಮೇಲೆ ಕಲೆ. ಆಲ ಅಶ್ವತ್ಥಗಳಲ್ಲಿ ಹಕ್ಕಿಗಳು ಹಣ್ಣಿಗೆ ನೆರೆಯುವುವು, ಫಲವು ಕೆಳಗಿನ ಕಾರಿಗೆ ದೊರೆಯುವುದು. ಇವು ಉದ್ಯಾನಗಳಲ್ಲಿಯೂ ದೇವಸ್ಥಾನದ ಬಯಲಿನಲ್ಲಿಯೂ ಇರಲಿ. ಕಾರುಗಳ ಸಾಲಿಗೆ ಬೇಡ. ತೆಂಗು ಮೊದಲೇ ಬೇಡ. ಗುಲ್‌ಮೊಹರು ಮಡಗಾಸ್ಕರಿನಿಂದ ಬಂದ ಚೆಲುವೆ. ಬೇರು ಮೇಲುಮೇಲೆ, ಕೊಂಬೆ ಪೆಳಸು, ಗಾಳಿಗೆ ಮುರಿಯುವುದು. ತಬೂಬಿಯಾ ಹೂವಿನ ಹದಿನೈದು ದಿನ ಊರಿಗೆಲ್ಲ ಹಬ್ಬ, ನೆರಳು ಅಷ್ಟಕ್ಕಷ್ಟೆ. ನನ್ನ ಅಭಿಪ್ರಾಯದಲ್ಲಿ ಮೊದಲ ಮಣೆ ಹೊಂಗೆಗೆ ಸಲ್ಲತಕ್ಕದ್ದು. ದಟ್ಟವಾದ ನೆರಳು, ಆಳವಾದ ಬೇರು, ಬಿಸಿಲು ಏರುವ ಹೊತ್ತಿಗೇ ಹೊಸ ಎಲೆ. ಅದರ ಹೂವು ನೆಲದ ಮೇಲೆ ಅಕ್ಕಿ ಚೆಲ್ಲಿದಂತೆ ಬೀಳುವುದು, ಗುಡಿಸಿದರೆ ಹೋಯಿತು. ಬೇವು ಒಣಹವೆಯ ಊರುಗಳಿಗೆ, ಧಾರವಾಡದಿಂದಾಚೆ ಕಲಬುರಗಿಯವರೆಗೆ, ಹೊಂಗೆಗಿಂತಲೂ ಮೇಲು. ತಲೆಯ ಮೇಲೆ ವಿದ್ಯುತ್ತಂತಿ ಹಾದಿರುವ ಕಡೆ ಹೊಳೆದಾಸವಾಳ ಅಥವಾ ಬಕುಳ. ಬಕುಳ ಬಹು ನಿಧಾನ, ಆದರೆ ನೆಟ್ಟವರ ಮೊಮ್ಮಕ್ಕಳು ಹೂವಾಯುವರು.

ಇನ್ನು ನೆಡುವ ಕ್ರಮ. ಬೀದಿಯ ನೆಲವು ಸಾರ್ವಜನಿಕರದು; ಆದುದರಿಂದ ನಗರಸಭೆಯವರ ಒಪ್ಪಿಗೆಯನ್ನು ಮೊದಲು ಪಡೆಯತಕ್ಕದ್ದು, ನೀರಿನ ಕೊಳವೆ ವಿದ್ಯುತ್ತಿನ ತಂತಿಗಳು ನೆಲದಡಿಯಲ್ಲಿ ಎಲ್ಲಿ ಹಾದಿವೆಯೆಂದು ಅಗೆಯುವ ಮುನ್ನ ಕೇಳತಕ್ಕದ್ದು. ಬೀದಿಯ ಮೂಲೆಯಿಂದ ಇಪ್ಪತ್ತೈದು ಅಡಿ ಬಿಡಬೇಕು. ಇಲ್ಲವಾದರೆ ತಿರುಗುವ ಗಾಡಿಗೆ ಎದುರಿನದು ಕಾಣದು. ಗುಂಡಿ ಮೂರು ಅಡಿ ಉದ್ದ, ಅಗಲ, ಆಳ. ಅದರ ಸುತ್ತ ತೆರೆದ ಮಣ್ಣು ಐದು ಅಡಿಗೆ ಕಡಿಮೆಯಾಗಬಾರದು. ಚಕ್ರ ಹತ್ತದಂತೆ ಪಾತಿಯ ಸುತ್ತ ಆರು ಅಂಗುಲ ಎತ್ತರದ ಕಲ್ಲು ನಿಲ್ಲಿಸಿ ಸುಣ್ಣ ಬಳಿಯಿರಿ. ಆದರೆ ರಸ್ತೆಯ ಮಳೆನೀರು ಒಳಗೆ ಹರಿಯುವಂತೆ ಕಲ್ಲುಗಳ ನಡುವೆ ಸಂದು ಬಿಡಿರಿ. ಈ ಸಂದನ್ನು ಬಿಡದೆ ಕಟ್ಟಿದ ಅಂದವಾದ ಕಟ್ಟೆಗಳಲ್ಲಿ ಸಸಿಗಳು ಆಷಾಢದ ಮಳೆಯಲ್ಲಿಯೂ ಬಾಯಾರಿ ನಿಂತಿರುವುದನ್ನು ಕಂಡಿದ್ದೇನೆ.

ಸಸಿಯು ಆರೇಳು ಅಡಿ ಎತ್ತರದ್ದು, ಒಂದೇ ಕಾಂಡದ್ದು ಆಗಿರಲಿ. ಮುಂಗಾರು ಹಿಡಿದು ನೆಲ ನೆನೆದ ಮೇಲೆ ನೆಟ್ಟರೆ ಮೊದಲ ಆರು ತಿಂಗಳ ನೀರಿನ ಚಿಂತೆ ಬಹುಮಟ್ಟಿಗೆ ತಪ್ಪುವುದು. ಸಂಕ್ರಾಂತಿ ಕಳೆದು ಮಳೆ ಬೀಳುವವರೆಗೆ ವಾರಕ್ಕೆರಡು ಸಲ ಎರಡೆರಡು ಬಕೆಟ್ಟು ನೀರು, ಹೀಗೆ ಎರಡು ಬೇಸಗೆ. ಅಕ್ಕಿ ತರಕಾರಿ ತೊಳೆದ ನೀರೇ ಸಾಕು, ಸೋಪಿನ ನೀರು ಬೇಡ. ಕೆಳಗಿನ ಕೊಂಬೆಗಳನ್ನು ಒಂದೇ ಸಲಕ್ಕೆ ಸವರದೆ ವರ್ಷಕ್ಕಿಷ್ಟರಂತೆ ತೆಗೆದು, ಮೊದಲ ಕೊಂಬೆಯು ಕಾರಿನ ನೆತ್ತಿಗಿಂತ ಮೇಲೆ, ಎಂಟು ಅಡಿಯಲ್ಲಿ ಒಡೆಯುವಂತೆ ಬೆಳೆಸಬೇಕು. ಆಸರೆಯ ಗೂಟಕ್ಕೆ ಕಟ್ಟಿದ ಹುರಿಯನ್ನು ಎರಡು ವರ್ಷವಾದ ಮೇಲೆ ಬಿಚ್ಚುವುದನ್ನು ಮರೆಯಬಾರದು. ಮರೆತರೆ ಅದೇ ಉರುಲಾಗುವುದು.

ಸಸಿ ಕೊಳ್ಳುವಾಗ ಎಲೆಯ ಹೊಳಪಿಗೆ ಮರುಳಾಗದೆ ಚೀಲದ ತಳವನ್ನು ನೋಡಿರಿ. ಬಹುಕಾಲ ಚೀಲದಲ್ಲಿಯೇ ಉಳಿದ ಸಸಿಯ ಬೇರು ಸಿಂಬೆಯಂತೆ ಸುತ್ತಿಕೊಂಡಿರುವುದು. ನೆಲಕ್ಕೆ ಬಂದ ಮೇಲೂ ಅದು ಹಾಗೆಯೇ ಸುತ್ತುತ್ತ ಹೋಗಿ, ಹತ್ತು ವರ್ಷವಾದ ಮೇಲೆ ಮರವು ನೆಲವನ್ನು ಹಿಡಿಯಲಾರದೆ ವಾಲುವುದು. ಅಂತಹುದು ಬೇಡ. ಅನಿವಾರ್ಯವಾದರೆ ಸುತ್ತಿದ ಬೇರುಗಳನ್ನು ಹರಿತವಾದ ಚಾಕುವಿನಿಂದ ಮೂರು ಕಡೆ ಸೀಳಿ ಬಿಡಿಸಿ ನೆಡಿರಿ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿಯಾಗಿ ತೆಗೆದುಹಾಕಿರಿ. ಚೀಲದೊಂದಿಗೇ ಹೂಳಿದ ಸಸಿಗಳು ಸಮಾರಂಭಗಳಲ್ಲಿ ಮಾತ್ರ ಕಂಡುಬರುವುವೆಂದು ತಿಳಿಯಬೇಡಿರಿ.